ದಾಟಿ ಹೋದವರು, ಉಳಿದುಕೊಂಡವರು

2015ರಲ್ಲಿ ಗ್ರೀಸಿನ ಮತದಾರರು ಸಂಸತ್ತಿಗೆ ಎರಡು ಸಲ ಮತ ಹಾಕಬೇಕಾಯಿತು. ಜನವರಿ 25ಕ್ಕೆ ಒಮ್ಮೆ, ಸೆಪ್ಟೆಂಬರ್ 20ಕ್ಕೆ ಇನ್ನೊಮ್ಮೆ. ಎರಡೂ ಸಲ ಕಣದಲ್ಲಿದ್ದ ಪಕ್ಷಗಳು ಹೆಚ್ಚುಕಡಿಮೆ ಅವೇ, ಮುಖಂಡರು ಅವರೇ, ದೇಶದ ಕುತ್ತಿಗೆಗೆ ಬಿದ್ದಿದ್ದ ಸಾಲದ ಉರುಳೂ ಅದೇ. ಆದರೆ ಪೂರ್ವದ ಕಡಲಿನಲ್ಲಿ ಹೊಸದೊಂದು ನಡೆಯುತ್ತಿತ್ತು. ಬೇಸಿಗೆ ಏರುತ್ತಿದ್ದಂತೆ ಟರ್ಕಿಯ ದಡದಿಂದ ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಇರಾಕಿನ ಜನ ಏಜಿಯನ್ ಸಮುದ್ರದ ದ್ವೀಪಗಳಿಗೆ ಬಂದಿಳಿಯತೊಡಗಿದರು. ವರ್ಷ ಮುಗಿಯುವಾಗ ಹೀಗೆ ಕಡಲು ದಾಟಿ ಗ್ರೀಸ್ ಸೇರಿದವರು ಸುಮಾರು ಎಂಟೂವರೆ ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಳಿದದ್ದು ಲೆಸ್ಬೋಸ್ ಎಂಬ ಒಂದೇ ದ್ವೀಪದಲ್ಲಿ. ಅಲ್ಲಿನ ಕಾಯಂ ನಿವಾಸಿಗಳ ಸಂಖ್ಯೆ 86,000ದ ಆಸುಪಾಸು.

ನಿರಾಶ್ರಿತರು ಬಂದ ಊರಿನಲ್ಲಿ ಅವರನ್ನು ವಿರೋಧಿಸುವ ಪಕ್ಷಕ್ಕೆ ಹೆಚ್ಚು ಮತ ಬಿತ್ತೇ ಎಂದು ಲೆಕ್ಕ ಹಾಕುವುದು ಸುಲಭ. ಬಿದ್ದದ್ದು ಅವರು ಬಂದದ್ದರಿಂದಲೇ ಎಂದು ಹೇಳುವುದು ಕಷ್ಟ. ಸರ್ಕಾರಗಳು ನಿರಾಶ್ರಿತರನ್ನು ಸಾಮಾನ್ಯವಾಗಿ ಬಾಡಿಗೆ ಅಗ್ಗವಿರುವ ಕಡೆ ಇರಿಸುತ್ತವೆ. ಬಾಡಿಗೆ ಅಗ್ಗವಿರುವುದು ಕಾರ್ಖಾನೆ ಮುಚ್ಚಿದ, ಹುಡುಗರು ಊರು ಬಿಟ್ಟ ಕಡೆ. ಅಂಥ ಊರಿನ ಸಿಟ್ಟು ಹೊಸಬರು ಬರುವ ಮೊದಲೇ ಹೊಗೆಯಾಡುತ್ತಿರುತ್ತದೆ. ಇದರ ತಿರುಗುಮುರುಗೂ ಉಂಟು: ಗದ್ದಲ ಎಬ್ಬಿಸುವ ಊರಿನ ತಂಟೆಯೇ ಬೇಡ ಎಂದು ಅಧಿಕಾರಿಗಳು ಶಾಂತವಾಗಿರುವ ಊರನ್ನೇ ಆರಿಸುತ್ತಾರೆ. ಆಗ ನಿರಾಶ್ರಿತರಿರುವ ಊರುಗಳೆಲ್ಲ ಉದಾರಿಗಳಂತೆ ಕಾಣುತ್ತವೆ. ಎರಡು ಅಂಕಣಗಳಲ್ಲಿ ಸಂಖ್ಯೆ ಬರೆದು ಹೋಲಿಸಿದರೆ ಸತ್ಯ ಹೊರಬೀಳುವುದಿಲ್ಲ. ಯಾವ ಊರಿಗೆ ಯಾರು ಹೋಗಬೇಕೆಂಬುದು ಲಾಟರಿಯಿಂದ, ಅಥವಾ ಲಾಟರಿಯಂಥದ್ದೇ ಬೇರೊಂದರಿಂದ ನಿಶ್ಚಯವಾಗಿರಬೇಕು. ಸಮಾಜ ವಿಜ್ಞಾನಿಗಳು ಇದನ್ನು ನೈಸರ್ಗಿಕ ಪ್ರಯೋಗ ಎನ್ನುತ್ತಾರೆ.

ಏಜಿಯನ್‌ನಲ್ಲಿ ಆ ಲಾಟರಿ ಎತ್ತಿದ್ದು ಭೂಗೋಳ. ಅಲ್ಲಿನ ದ್ವೀಪಗಳು ಬದುಕಿನ ರೀತಿಯಲ್ಲಿ ಬಹುಮಟ್ಟಿಗೆ ಒಂದೇ. ಮೀನು, ಆಲಿವ್ ಮತ್ತು ಬೇಸಿಗೆಯ ಪ್ರವಾಸಿಗರು. ಆದರೆ ಲೆಸ್ಬೋಸ್, ಕಿಯೋಸ್, ಸಾಮೋಸ್, ಕೋಸ್ ಇವೆಲ್ಲ ಟರ್ಕಿಯ ದಡಕ್ಕೆ ಮೈತಾಗಿಸಿಕೊಂಡಂತಿವೆ. ಲೆಸ್ಬೋಸಿನ ಉತ್ತರ ತೀರದಲ್ಲಿ ನಿಂತರೆ ಎದುರಿನ ದಡ ಹತ್ತು ಕಿಲೋಮೀಟರ್ ಆಚೆ. ಉಳಿದ ದ್ವೀಪಗಳು ಪಶ್ಚಿಮಕ್ಕೆ, ದೂರದಲ್ಲಿ. ಒಂದು ದೋಣಿಗೆ ನಲವತ್ತು ಐವತ್ತು ಜನರನ್ನು ತುಂಬಿ ಕಳಿಸುತ್ತಿದ್ದ ದಲ್ಲಾಳಿಗಳಿಗೆ ಯಾವ ದ್ವೀಪದಲ್ಲಿ ಯಾವ ಪಕ್ಷ ಬಲವಾಗಿದೆ ಎಂಬುದು ಬೇಕಿರಲಿಲ್ಲ. ಹತ್ತಿರದ ದಡ ಸಿಕ್ಕರೆ ಸಾಕಿತ್ತು. ಎಲಿಯಾಸ್ ಡಿನಾಸ್, ಡೊಮಿನಿಕ್ ಹ್ಯಾಂಗಾರ್ಟ್ನರ್ ಮತ್ತು ಅವರ ಸಂಗಡಿಗರು ಹಿಡಿದದ್ದು ಇದೇ ಎಳೆಯನ್ನು. ಹಿಂದಿನ ಚುನಾವಣೆಗಳಲ್ಲಿ ಹತ್ತಿರದ ದ್ವೀಪಗಳೂ ದೂರದ ದ್ವೀಪಗಳೂ ಜೊತೆಜೊತೆಯಾಗಿಯೇ ಏರಿಳಿದಿದ್ದವು. ಸೆಪ್ಟೆಂಬರ್ 2015ರಲ್ಲಿ ದಾರಿ ಕವಲೊಡೆಯಿತು. ನಿರಾಶ್ರಿತರನ್ನು ಕಂಡ ದ್ವೀಪಗಳಲ್ಲಿ 'ಗೋಲ್ಡನ್ ಡಾನ್' ಪಕ್ಷದ ಮತಗಳಿಕೆ, ಕಾಣದ ದ್ವೀಪಗಳಿಗಿಂತ ಎರಡು ಶೇಕಡಾವಾರು ಅಂಶ ಹೆಚ್ಚಿತು.

ಎರಡು ಅಂಶ ಎಂದರೆ ಸಣ್ಣದೆನಿಸಬಹುದು. ಆದರೆ ಆ ಪಕ್ಷದ ಒಟ್ಟು ಗಳಿಕೆಯೇ ಶೇ. 4-5ರ ಸುಮಾರಿಗಿತ್ತು, ಲೆಕ್ಕ ಹಾಕಿದರೆ ಅದು ಶೇ. 44ರ ಜಿಗಿತ. ಪಕ್ಷವಾದರೂ ಎಂಥದ್ದು? ನಾಜಿ ಧಾಟಿಯ ಲಾಂಛನ, ಬೀದಿಯಲ್ಲಿ ವಲಸಿಗರ ಮೇಲೆ ಹಲ್ಲೆ. 2020ರ ಅಕ್ಟೋಬರ್‌ನಲ್ಲಿ ಅಥೆನ್ಸಿನ ನ್ಯಾಯಾಲಯ ಅದರ ಮುಖಂಡರನ್ನು ಅಪರಾಧಿ ಸಂಘಟನೆ ನಡೆಸಿದ್ದಕ್ಕಾಗಿ ದೋಷಿಗಳೆಂದು ಘೋಷಿಸಿತು.

ಈ ಫಲಿತಾಂಶದಲ್ಲಿ ನನಗೆ ವಿಚಿತ್ರವಾಗಿ ಕಾಣುವುದು ಅದರ ಪ್ರಮಾಣವಲ್ಲ. ದ್ವೀಪದಲ್ಲಿ ಇಳಿದವರು ಅಲ್ಲಿ ನಿಲ್ಲಲಿಲ್ಲ ಎಂಬುದು. ಆ ಬೇಸಿಗೆಯಲ್ಲಿ ಬಹುತೇಕರು ಕೆಲವೇ ದಿನಗಳಲ್ಲಿ ಕಾಗದಪತ್ರ ಮಾಡಿಸಿಕೊಂಡು ಹಡಗು ಹತ್ತಿ ಅಥೆನ್ಸಿಗೆ, ಅಲ್ಲಿಂದ ಬಾಲ್ಕನ್ ದಾರಿ ಹಿಡಿದು ಜರ್ಮನಿಗೆ ಹೊರಟುಬಿಟ್ಟರು. ಅವರು ಯಾರ ಕೆಲಸವನ್ನೂ ಕಿತ್ತುಕೊಳ್ಳಲಿಲ್ಲ. ಶಾಲೆಯಲ್ಲಿ ಬೆಂಚು ಕೇಳಲಿಲ್ಲ. 'ನಮ್ಮ ಅನ್ನಕ್ಕೆ ಕಲ್ಲು' ಎಂಬ ವಾದಕ್ಕೆ ಇಲ್ಲಿ ಬುಡವೇ ಇಲ್ಲ. ಹಾಗಿದ್ದೂ 2,070 ದ್ವೀಪವಾಸಿಗಳನ್ನು ಮಾತಾಡಿಸಿದ ಮತ್ತೊಂದು ಸಮೀಕ್ಷೆಯಲ್ಲಿ, ಹೆಚ್ಚು ನಿರಾಶ್ರಿತರನ್ನು ಕಂಡ ಕಡೆಯ ಜನ ಅವರ ಬಗ್ಗೆ ಮಾತ್ರವಲ್ಲ, ಒಟ್ಟಾರೆ ವಲಸಿಗರ ಬಗ್ಗೆ, ದೋಣಿ ಹತ್ತದ ಮುಸ್ಲಿಮರ ಬಗ್ಗೆಯೂ ಬಿಗಿಯಾಗಿದ್ದರು. ಅಲೆ ಇಳಿದ ಮೇಲೂ ಆ ಬಿಗಿ ಸಡಿಲವಾಗಿರಲಿಲ್ಲ.

ಇದೇ ಲೆಸ್ಬೋಸಿನ ಸ್ಕಾಲಾ ಸಿಕಾಮಿನಿಯಾಸ್ ಎಂಬ ಮೀನುಗಾರರ ಹಳ್ಳಿಯಲ್ಲಿ ಅಜ್ಜಿಯೊಬ್ಬರು ಸಿರಿಯಾದ ಕೂಸಿಗೆ ಬಾಟಲಿ ಹಾಲು ಕುಡಿಸುತ್ತಿದ್ದ ಚಿತ್ರ ಜಗತ್ತೆಲ್ಲ ಸುತ್ತಿತು. ದ್ವೀಪದವರ ಹೆಸರು 2016ರ ನೊಬೆಲ್ ಶಾಂತಿ ಪ್ರಶಸ್ತಿಗೂ ಸೂಚಿತವಾಯಿತು. ಈ ಔದಾರ್ಯವೂ ನಿಜ, ಆ ಬಿಗಿಯೂ ನಿಜ. ಸರಾಸರಿ ಎಂಬುದು ಊರಿನ ಮೇಲೆ ನಿಂತು ನೋಡಿದ ಲೆಕ್ಕ, ಅದರೊಳಗೆ ಹಾಲು ಕುಡಿಸಿದವರೂ ಇದ್ದಾರೆ, ಮತ ಬದಲಿಸಿದವರೂ ಇದ್ದಾರೆ. 1923ರ ಜನಸಂಖ್ಯಾ ವಿನಿಮಯದಲ್ಲಿ ಟರ್ಕಿಯಿಂದ ಹನ್ನೆರಡು ಲಕ್ಷದಷ್ಟು ಗ್ರೀಕರು ಉಟ್ಟಬಟ್ಟೆಯಲ್ಲಿ ಗ್ರೀಸ್ ಸೇರಿದ್ದರು, ಲೆಸ್ಬೋಸಿನ ಎಷ್ಟೋ ಮನೆಗಳು ಅವರ ಮಕ್ಕಳು ಮೊಮ್ಮಕ್ಕಳದ್ದು. ಇಂಥ ಕುಟುಂಬಗಳ ಕುರಿತು ಗ್ರೀಸಿನಲ್ಲೇ ನಡೆದ ಒಂದು ಪ್ರಯೋಗದಲ್ಲಿ, ಸಮೀಕ್ಷೆಯ ನಡುವೆ ಅಂದಿನ ಗುಳೆಗೂ ಇಂದಿನದಕ್ಕೂ ಇರುವ ಹೋಲಿಕೆಯನ್ನು ನೆನಪಿಸಿದಾಗ ನಿರಾಶ್ರಿತರಿಗಾಗಿ ಅವರು ಕೊಡುವ ದೇಣಿಗೆ ಏರಿತು. ಅಜ್ಜಿಯ ಕಥೆ ಮನೆಯಲ್ಲಿ ಇದ್ದರೆ ಸಾಲದು, ಅದನ್ನು ಹೊತ್ತಿಗೆ ಸರಿಯಾಗಿ ಯಾರಾದರೂ ಎತ್ತಿಕೊಡಬೇಕು.

ಲೆಸ್ಬೋಸಿನಿಂದ ಹೊರಟವರನ್ನು ಹಿಂಬಾಲಿಸೋಣ. 2015ರ ಸೆಪ್ಟೆಂಬರ್ ಮೊದಲ ವಾರ ಹಂಗರಿಯಿಂದ ಬಸ್ಸು, ರೈಲು, ಕಾಲ್ನಡಿಗೆಯಲ್ಲಿ ಅವರು ಆಸ್ಟ್ರಿಯಾ ತಲುಪಿದರು. ಸರಿಯಾಗಿ ಆ ತಿಂಗಳ 27ಕ್ಕೆ ಅಲ್ಲಿನ 'ಮೇಲಿನ ಆಸ್ಟ್ರಿಯಾ' ಪ್ರಾಂತ್ಯದಲ್ಲಿ ಪ್ರಾಂತೀಯ ಚುನಾವಣೆ. ವಲಸೆ ವಿರೋಧವನ್ನೇ ಬಂಡವಾಳ ಮಾಡಿಕೊಂಡ ಫ್ರೀಡಂ ಪಾರ್ಟಿ 2009ರಲ್ಲಿ ಅಲ್ಲಿ ಪಡೆದಿದ್ದದ್ದು ಶೇ. 15.3. ಈ ಸಲ ಶೇ. 30.4. ಟಿವಿ ನೋಡುತ್ತಿದ್ದವರಿಗೆ ಕಾರಣ ಸ್ಪಷ್ಟವಾಗಿತ್ತು: ನಿರಾಶ್ರಿತರು ಬಂದರು, ಜನ ಬಲಕ್ಕೆ ಹೊರಳಿದರು.

ಅರ್ಥಶಾಸ್ತ್ರಜ್ಞ ಆಂಡ್ರಿಯಾಸ್ ಸ್ಟೈನ್‌ಮೈರ್ ಊರೂರಿನ ಲೆಕ್ಕ ತೆಗೆದು ಕೂತರು. ಪ್ರಾಂತ್ಯದ ನಾನೂರ ನಲವತ್ತು ಚಿಲ್ಲರೆ ಪುರಸಭೆ, ಪಂಚಾಯಿತಿಗಳಲ್ಲಿ ಕೆಲವಕ್ಕೆ ನಿರಾಶ್ರಿತರನ್ನು ಇರಿಸಿಕೊಳ್ಳುವ ಪಾಳಿ ಬಂದಿತ್ತು, ಉಳಿದವಕ್ಕೆ ಬಂದಿರಲಿಲ್ಲ. ಪಾಳಿ ಯಾರಿಗೆ? ಇಲ್ಲೂ ಅವರಿಗೊಂದು ಲಾಟರಿ ಸಿಕ್ಕಿತು. ಹತ್ತಾರು ಜನರನ್ನು ಒಂದೇ ಸೂರಿನಡಿ ಮಲಗಿಸಬಲ್ಲ ದೊಡ್ಡ ಕಟ್ಟಡ, ಹಳೆಯ ವಸತಿಗೃಹವೋ ಹಾಸ್ಟೆಲ್ಲೋ, ಊರಿನಲ್ಲಿದ್ದರೆ ಅಲ್ಲಿಗೆ ನಿರಾಶ್ರಿತರು ಬರುವ ಸಾಧ್ಯತೆ ಹೆಚ್ಚು. ಆ ಕಟ್ಟಡವನ್ನು ಕಟ್ಟಿದವರಿಗೆ ಮುಂದೊಂದು ದಿನ ಸಿರಿಯಾದವರು ಬಂದು ಮಲಗುತ್ತಾರೆಂಬ ಕನಸೂ ಬಿದ್ದಿರಲಿಲ್ಲ. ಈ ಎಳೆ ಹಿಡಿದು ಹೋಲಿಸಿದಾಗ ಗ್ರೀಸಿನ ಕಥೆ ತಲೆಕೆಳಗಾಯಿತು. ನಿರಾಶ್ರಿತರು ಬಂದು ನೆಲೆಸಿದ ಊರುಗಳಲ್ಲಿ ಫ್ರೀಡಂ ಪಾರ್ಟಿಯ ಗಳಿಕೆ ಮೂರು ನಾಲ್ಕು ಅಂಶ ಕಡಿಮೆ. ಆದರೆ ಜರ್ಮನಿಯ ಗಡಿಯ ಕಡೆ, ದಿನಕ್ಕೆ ಸಾವಿರಾರು ಜನ ಬಂದು ಕಾದು ದಾಟಿ ಹೋದ ಊರುಗಳಲ್ಲಿ ಅದೇ ಪಕ್ಷಕ್ಕೆ ಮತ ಹೆಚ್ಚು ಬಿದ್ದಿತ್ತು.

ಒಂದೇ ಚುನಾವಣೆ, ಒಂದೇ ಪ್ರಾಂತ್ಯ. ಎದ್ದು ಕಾಣುವ ವ್ಯತ್ಯಾಸ ನಿರಾಶ್ರಿತರು ನಿಂತರೋ ಹೋದರೋ ಎಂಬುದು. ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದರ ಒಂದು ಭಾಗ ಹೇಳಿದ್ದರು: ಅಪರಿಚಿತರನ್ನು ಕಣ್ಣಿಂದ ಕಂಡರೆ ಪೂರ್ವಗ್ರಹ ಕರಗುವುದಿಲ್ಲ, ಸರಿಸಮನಾಗಿ ಕೂತು, ಒಂದೇ ಗುರಿಗೆ ಕೈಜೋಡಿಸಿ, ಮೇಲಿನವರ ಒಪ್ಪಿಗೆಯೂ ಇದ್ದಾಗ ಕರಗುತ್ತದೆ. ಹಳ್ಳಿಯ ಹಾಸ್ಟೆಲ್ಲಿನಲ್ಲಿ ಮೂವತ್ತು ಜನ ತಿಂಗಳುಗಟ್ಟಲೆ ಇದ್ದರೆ ಅವರಲ್ಲಿ ಯಾರು ಬಡಗಿ, ಯಾರ ಮಗು ಶಾಲೆಗೆ ಬರುತ್ತದೆ, ಯಾರು ಮಾತಿಗೆ ಸಿಗುತ್ತಾರೆ ಎಂಬುದು ಊರಿಗೆ ಗೊತ್ತಾಗುತ್ತದೆ. ರೈಲು ನಿಲ್ದಾಣದಲ್ಲಿ ಕಂಬಳಿ ಹೊದ್ದು ಕುಳಿತ ಮೂರು ಸಾವಿರ ಜನರಲ್ಲಿ ಯಾರೂ ಯಾರಿಗೂ ಗೊತ್ತಾಗುವುದಿಲ್ಲ. ಊರಿನವರಿಗೆ ಕಂಡದ್ದು ಒಂದು ಗುಂಪು, ಅದರ ಕಸ, ಪೊಲೀಸರ ವಾಹನ.

ಕಾಲದ ಈ ಪಾತ್ರವನ್ನು ನಿಜವಾದ ಪ್ರಯೋಗದಲ್ಲೇ ಹಿಡಿದವರು ಹಾರ್ವರ್ಡಿನ ರಯನ್ ಎನೋಸ್. ಬಾಸ್ಟನ್ನಿನ ಹೊರವಲಯದ ರೈಲು ನಿಲ್ದಾಣಗಳಲ್ಲಿ ದಿನಾ ಬೆಳಿಗ್ಗೆ ಅದೇ ಗಾಡಿ ಹಿಡಿಯುವ, ಹೆಚ್ಚಿನವರು ಬಿಳಿಯರಾದ ನೌಕರವರ್ಗ. ಎನೋಸ್ ಆ ಪ್ಲಾಟ್‌ಫಾರಂಗಳಿಗೆ ಸ್ಪ್ಯಾನಿಷ್ ಮಾತಾಡುವ ಜೋಡಿಗಳನ್ನು ಎರಡು ವಾರ ಕಳಿಸಿದರು. ಯಾವ ನಿಲ್ದಾಣಕ್ಕೆ ಕಳಿಸಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಜೋಡಿಗಳ ಕೆಲಸ ಇಷ್ಟೇ: ನಿಲ್ಲುವುದು, ಗಾಡಿಗೆ ಕಾಯುವುದು, ತಮ್ಮಷ್ಟಕ್ಕೆ ಮಾತಾಡಿಕೊಳ್ಳುವುದು. ಪ್ರಯಾಣಿಕರನ್ನು ಮೂರು ದಿನದ ಬಳಿಕ ಕೇಳಿದಾಗ ವಲಸೆಯ ಬಗೆಗಿನ ಅವರ ನಿಲುವು ಬಿಗಿಯಾಗಿತ್ತು. ಹತ್ತು ದಿನದ ಬಳಿಕ ಕೇಳಿದಾಗ ಆ ಬಿಗುವು ತುಸು ಇಳಿದಿತ್ತು. ಇಬ್ಬರು ಅಪರಿಚಿತರು ಪ್ಲಾಟ್‌ಫಾರಂನಲ್ಲಿ ನಿಂತದ್ದಕ್ಕೇ ಇಷ್ಟು ಕಂಪನ! ಉದಾರ ರಾಜಕಾರಣಕ್ಕೆ ಹೆಸರಾದ ಊರಿನಲ್ಲಿ ಇದು ನಡೆಯಿತು ಎಂಬುದನ್ನು ಮರೆಯಬಾರದು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸೊಗಸಾಗಿ ಮುಗಿಯುತ್ತದೆ. ಆದರೆ ಡೆನ್ಮಾರ್ಕ್ ಅಡ್ಡ ಬರುತ್ತದೆ. ಅಲ್ಲಿ 1986ರಿಂದ 1998ರವರೆಗೆ ಸರ್ಕಾರ ನಿರಾಶ್ರಿತರನ್ನು ದೇಶದ ಉದ್ದಗಲಕ್ಕೂ ಹಂಚಿ ನೆಲೆಗೊಳಿಸಿತು. ಅವರು ದಾಟಿ ಹೋಗುವವರಲ್ಲ, ಬಾಳಲು ಬಂದವರು. ಕ್ರಿಶ್ಚಿಯನ್ ಡಸ್ಟ್‌ಮನ್ ಮತ್ತು ಸಹಲೇಖಕರು ಚುನಾವಣೆಯ ಅಂಕಿಗಳನ್ನು ಅದರ ಜೊತೆ ಇಟ್ಟು ನೋಡಿದರು. ದೊಡ್ಡ ನಗರಗಳನ್ನು ಬಿಟ್ಟು ಉಳಿದೆಲ್ಲ ಕಡೆ, ನಿರಾಶ್ರಿತರು ಹೆಚ್ಚು ಬಂದ ಹಾಗೆ ವಲಸೆ ವಿರೋಧಿ ಪಕ್ಷಗಳ ಗಳಿಕೆ ಹೆಚ್ಚಿತ್ತು. ತೀರ ದೊಡ್ಡ ನಗರಗಳಲ್ಲಿ ಮಾತ್ರ ಇದಕ್ಕೆ ವಿರುದ್ಧ. ಹಾಗಾದರೆ ಮೇಲಿನ ಆಸ್ಟ್ರಿಯಾದ ಹಳ್ಳಿಗಳಲ್ಲಿ ಆದದ್ದು ಡೆನ್ಮಾರ್ಕಿನ ಹಳ್ಳಿಗಳಲ್ಲಿ ಏಕೆ ಆಗಲಿಲ್ಲ?

ಒಂದು ಸುಳಿವು ಫ್ರಾನ್ಸಿನಲ್ಲಿದೆ. ಕಲೇ ಬಂದರಿನ ಬಳಿ ಇಂಗ್ಲೆಂಡಿಗೆ ದಾಟಲು ಕಾಯುತ್ತಿದ್ದ ಸಾವಿರಾರು ಜನರ ಗುಡಾರಗಳ ಊರನ್ನು, ಅದನ್ನು ಎಲ್ಲರೂ 'ಜಂಗಲ್' ಎಂದೇ ಕರೆಯುತ್ತಿದ್ದರು, 2016ರ ಅಕ್ಟೋಬರ್‌ನಲ್ಲಿ ಸರ್ಕಾರ ಕಿತ್ತುಹಾಕಿತು. ಅಲ್ಲಿದ್ದವರನ್ನು ಬಸ್ಸುಗಳಲ್ಲಿ ದೇಶದ ಮೂಲೆಮೂಲೆಯ ಚಿಕ್ಕ ಕೇಂದ್ರಗಳಿಗೆ ಹಂಚಿತು. ಮರುವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಅಂಥ ಕೇಂದ್ರ ಬಂದ ಊರುಗಳಲ್ಲಿ ಮರೀನ್ ಲ ಪೆನ್ ಅವರ ಪಕ್ಷದ ಮತ ಏರಿತು ನಿಜ, ಆದರೆ ಬೇರೆಡೆಗಿಂತ ಕಡಿಮೆ ಏರಿತು. ಈ ಸೌಮ್ಯತೆ ಕಂಡದ್ದು ಬಂದವರ ಸಂಖ್ಯೆ ಊರಿನ ಜನಸಂಖ್ಯೆಗೆ ಹೋಲಿಸಿದರೆ ಚಿಕ್ಕದಾಗಿದ್ದ ಕಡೆ. ಸಂಖ್ಯೆ ಬೆಳೆದಂತೆ ಅದು ಮಾಯ. ಕೆಲವು ತಿಂಗಳು ಕೆಲವು ಮಂದಿಯನ್ನು ನೋಡಿಕೊಳ್ಳುವುದಕ್ಕೂ ವರ್ಷವರ್ಷ ಬೆಳೆಯುವ ಬಡಾವಣೆಯನ್ನು ನೋಡುವುದಕ್ಕೂ ವ್ಯತ್ಯಾಸವಿದೆ. ಆಸ್ಟ್ರಿಯಾದ ಅಧ್ಯಯನ ಅಳೆದದ್ದು ಮೊದಲ ತಿಂಗಳುಗಳನ್ನು, ಡೆನ್ಮಾರ್ಕಿನದು ಹನ್ನೆರಡು ವರ್ಷವನ್ನು. ಮೊದಲ ಪರಿಚಯದ ಬಿಸುಪು ನೆರೆಹೊರೆಯ ದೀರ್ಘ ಬಾಳಿಗೆ ಸಾಕಾಗುತ್ತದೆಂದು ನಂಬುವುದಕ್ಕೆ ಕಾರಣ ಕಾಣುವುದಿಲ್ಲ.

ಪರಿಚಯದ ಮಿತಿಯನ್ನು ಇನ್ನೂ ಚೊಕ್ಕವಾಗಿ ತೋರಿಸಿದ್ದು ಇರಾಕಿನ ಒಂದು ಫುಟ್‌ಬಾಲ್ ಪಂದ್ಯಾವಳಿ. ಐಸಿಸ್ ದಾಳಿಗೆ ಊರು ಬಿಟ್ಟಿದ್ದ ಕ್ರೈಸ್ತರ ತಂಡಗಳಿಗೆ ಸಲ್ಮಾ ಮೂಸಾ ಎಂಬ ಸಂಶೋಧಕಿ ಚೀಟಿ ಎತ್ತಿ, ಕೆಲವಕ್ಕೆ ಕ್ರೈಸ್ತ ಆಟಗಾರರನ್ನೇ, ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. ಋತು ಮುಗಿದಾಗ ಮಿಶ್ರ ತಂಡದವರು ಕ್ರೀಡಾಸ್ಫೂರ್ತಿಯ ಬಹುಮಾನಕ್ಕೆ ಎದುರು ತಂಡದ ಮುಸ್ಲಿಂ ಆಟಗಾರನಿಗೆ ಮತ ಹಾಕಲು, ಮುಂದಿನ ವರ್ಷವೂ ಮಿಶ್ರ ತಂಡದಲ್ಲಿ ಆಡಲು ಹೆಚ್ಚು ಸಿದ್ಧರಿದ್ದರು. ಮುಸ್ಲಿಮರೇ ಹೆಚ್ಚಿರುವ ಮೊಸುಲ್ ನಗರದ ಹೋಟೆಲಿಗೆ ಹೋಗಿ ಊಟ ಮಾಡಲು ಮಾತ್ರ ಅಷ್ಟು ಸಿದ್ಧರಿರಲಿಲ್ಲ. ಮೈದಾನದ ಗೆಳೆತನ ಮೈದಾನದಲ್ಲೇ ಉಳಿಯಿತು.

ಉಗಾಂಡದ ಕಥೆಯಲ್ಲಿ ಗೆಳೆತನದ ಮಾತು ಕಡಿಮೆ, ಶಾಲೆ-ಆಸ್ಪತ್ರೆಯ ಮಾತು ಹೆಚ್ಚು. ಆ ದೇಶ ಹತ್ತಾರು ಲಕ್ಷ ನಿರಾಶ್ರಿತರಿಗೆ ಜಾಗ ಕೊಟ್ಟಿದೆ. 2016ರಲ್ಲಿ ದಕ್ಷಿಣ ಸುಡಾನಿನವರಿಗಾಗಿ ಯುಂಬೆ ಜಿಲ್ಲೆಯಲ್ಲಿ ತೆರೆದ ಬಿಡಿಬಿಡಿ ಎಂಬ ನೆಲೆ ತಿಂಗಳುಗಳಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಜನರ ಊರಾಯಿತು. ಅಲ್ಲಿನ ನೀತಿಯೊಂದಿದೆ: ನಿರಾಶ್ರಿತರಿಗೆಂದು ಬರುವ ನೆರವಿನಲ್ಲಿ ಸುಮಾರು ಶೇ. 30ರಷ್ಟು ಸುತ್ತಲಿನ ಸ್ಥಳೀಯರಿಗೂ ತಲುಪಬೇಕು. ನಿರಾಶ್ರಿತರ ನೆಲೆಗೆ ಹತ್ತಿರವಿದ್ದ ಹಳ್ಳಿಗಳಿಗೆ ಶಾಲೆ, ಆಸ್ಪತ್ರೆ, ರಸ್ತೆ ಹೆಚ್ಚು ಬಂದವು ಎಂದೂ ಅಲ್ಲಿ ನಿರಾಶ್ರಿತರ ವಿರುದ್ಧ ಸಿಟ್ಟು ಏರಲಿಲ್ಲ ಎಂದೂ ಗೈ ಗ್ರಾಸ್‌ಮನ್ ಮುಂತಾದವರ ಅಧ್ಯಯನ ಹೇಳುತ್ತದೆ. ಮಕ್ಕಳು ಆಲ್‌ಪೋರ್ಟನ ನಿಯಮದಂತೆ ಒಟ್ಟಿಗೆ ಆಡಿದರೋ ಇಲ್ಲವೋ, ಹೆರಿಗೆ ಆಸ್ಪತ್ರೆ ಹತ್ತಿರ ಬಂದದ್ದು ಎಲ್ಲ ಹೆಂಗಸರಿಗೂ ಗೊತ್ತಾಯಿತು. ಯುರೋಪಿನ ಪಂಡಿತರು ಸಂಪರ್ಕದ ಮನೋವಿಜ್ಞಾನಕ್ಕೆ ಕೊಟ್ಟಷ್ಟು ಗಮನವನ್ನು ಈ ಸಾದಾ ಬಜೆಟ್ ಲೆಕ್ಕಕ್ಕೆ ಕೊಟ್ಟಿಲ್ಲ ಎಂಬುದು ನನ್ನ ತಕರಾರು.

ಈಗ ಈ ಎಲ್ಲ ಅಧ್ಯಯನಗಳಿಗೂ ಸಮಾನವಾದ ಒಂದು ಕುರುಡುತನದ ಬಗ್ಗೆ ಹೇಳಬೇಕು. ಇವೆಲ್ಲ ಊರಿಗೂ ಊರಿಗೂ ಇರುವ ವ್ಯತ್ಯಾಸವನ್ನು ಅಳೆಯುತ್ತವೆ. ಮನೆಯಲ್ಲಿ ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದರೆ ಯಾರು ಎತ್ತರ ಎಂದು ಗೊತ್ತಾಗುತ್ತದೆ, ವರ್ಷದಲ್ಲಿ ಇಬ್ಬರೂ ಎಷ್ಟು ಬೆಳೆದರು ಎಂದಲ್ಲ. ಮೇಲಿನ ಆಸ್ಟ್ರಿಯಾವನ್ನು ಮತ್ತೆ ನೋಡಿ. ನಿರಾಶ್ರಿತರು ಉಳಿದ ಊರಲ್ಲಿ ಫ್ರೀಡಂ ಪಾರ್ಟಿಗೆ ಮೂರು ನಾಲ್ಕು ಅಂಶದ ಹಿನ್ನಡೆ. ಇಡೀ ಪ್ರಾಂತ್ಯದಲ್ಲಿ ಹದಿನೈದು ಅಂಶದ ಮುನ್ನಡೆ. ಒಬ್ಬ ನಿರಾಶ್ರಿತನೂ ಕಾಲಿಡದ ಊರುಗಳಲ್ಲೂ ಮತ ಏರಿತ್ತು. ಆ ಏರಿಕೆ ಬಂದದ್ದು ಊರಿನ ಬೀದಿಯಿಂದಲ್ಲ. ಟಿವಿ ಪರದೆ, ಪಕ್ಷದ ಭಾಷಣ, ದೇಶವೆಲ್ಲ ಆಡಿಕೊಳ್ಳುತ್ತಿದ್ದ ಮಾತು, ಇವು ಊರುಗಳ ಹೋಲಿಕೆಯಲ್ಲಿ ಸಿಕ್ಕುವುದೇ ಇಲ್ಲ, ಏಕೆಂದರೆ ಅವು ಎಲ್ಲ ಊರಿಗೂ ತಲುಪಿದ್ದವು.

ಹಂಗರಿ ಇದರ ತುದಿಯ ಉದಾಹರಣೆ. 2015ರ ಶರತ್ಕಾಲದಲ್ಲಿ ಗಡಿಗೆ ತಂತಿಬೇಲಿ ಬಿದ್ದು ದಾರಿ ಮುಚ್ಚಿತ್ತು. ಐರೋಪ್ಯ ಒಕ್ಕೂಟ ಹಂಚುವ ನಿರಾಶ್ರಿತರನ್ನು ಒಪ್ಪಬೇಕೇ ಎಂದು ಮರುವರ್ಷ ಅಕ್ಟೋಬರ್ 2ಕ್ಕೆ ಸರ್ಕಾರ ಜನಮತಗಣನೆ ನಡೆಸಿತು. ಒಂದು ಕೋಟಿ ಜನರ ಆ ದೇಶಕ್ಕೆ ಐರೋಪ್ಯ ಒಕ್ಕೂಟ ಗೊತ್ತುಮಾಡಿದ್ದ ಪಾಲು 1,294 ಮಂದಿ. ಬೀದಿಬೀದಿಯಲ್ಲಿ ಸರ್ಕಾರಿ ಫಲಕಗಳು ಭಯೋತ್ಪಾದನೆಯ ಬಗ್ಗೆ ಎಚ್ಚರಿಸುತ್ತಿದ್ದವು. ಸಿಂಧುವಾದ ಮತಗಳಲ್ಲಿ ಶೇ. 98 'ಬೇಡ' ಎಂದವು. ಅರ್ಧದಷ್ಟು ಮತದಾರರೂ ಬಾರದ್ದರಿಂದ ಫಲಿತಾಂಶಕ್ಕೆ ಕಾನೂನಿನ ಬಲ ಸಿಗಲಿಲ್ಲ, ಆದರೆ ರಾಜಕೀಯ ಫಲ ಕೈಗೆ ಬಂದಾಗಿತ್ತು. ನಿರಾಶ್ರಿತರು ಬರುವುದಕ್ಕಿಂತ ಬರುತ್ತಾರೆಂಬ ಸುದ್ದಿಗೆ ಮತ ಎಳೆಯುವ ಶಕ್ತಿ ಹೆಚ್ಚು.

ಯುರೋಪಿನ ಈ ಲೆಕ್ಕಗಳನ್ನು ಹಾಗೆಯೇ ಎತ್ತಿ ಭಾರತಕ್ಕೆ ತರಲಾಗದು. ಅಲ್ಲಿ ನಿರಾಶ್ರಿತರಿಗೆ ಮತವಿಲ್ಲ. ಪೆಟ್ಟಿಗೆಯಲ್ಲಿ ಬೀಳುವುದು ಅತಿಥೇಯರ ಅಭಿಪ್ರಾಯ ಮಾತ್ರ. ನಮ್ಮಲ್ಲಿ ವಿಭಜನೆಯ ಬಳಿಕ ಬಂದವರು ಬೇಗನೆ ಮತದಾರರಾದರು. ಕಲ್ಕತ್ತೆಯ ದಕ್ಷಿಣದಲ್ಲಿ ಖಾಲಿ ನೆಲ ಹಿಡಿದು ಕಾಲೊನಿ ಕಟ್ಟಿಕೊಂಡ ಪೂರ್ವ ಬಂಗಾಳದವರು 1950ರಿಂದಲೇ ಸಂಘಟಿತರಾಗಿ, ಮುಂದೆ ಎಡಪಕ್ಷಗಳ ಬೆನ್ನೆಲುಬಾದರು. ತ್ರಿಪುರಾದಲ್ಲಿ ಇಂಥದೇ ವಲಸೆಯಿಂದಾಗಿ, 1941ರ ಗಣತಿಯಲ್ಲಿ ಅರ್ಧದಷ್ಟಿದ್ದ ಬುಡಕಟ್ಟು ಜನರ ಪಾಲು 1981ಕ್ಕೆ ಶೇ. 28ರ ಸುಮಾರಿಗೆ ಇಳಿಯಿತು. ಅವರ ರಾಜಕಾರಣ ಅಂದಿನಿಂದ ಇಂದಿನವರೆಗೂ ಆ ಸಂಖ್ಯೆಯ ಸುತ್ತಲೇ ಸುತ್ತುತ್ತಿದೆ. ಅಸ್ಸಾಮಿನಲ್ಲಂತೂ ಕಿಡಿ ಹೊತ್ತಿದ್ದೇ ಮತದಾರರ ಪಟ್ಟಿಯಿಂದ. 1979ರಲ್ಲಿ ಮಂಗಲ್‌ದೋಯಿ ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ಪಟ್ಟಿ ಪರಿಷ್ಕರಿಸುವಾಗ ಎದ್ದ ವಿದೇಶಿಯರ ಪ್ರಶ್ನೆ ಆರು ವರ್ಷದ ಚಳವಳಿಯಾಯಿತು. 1985ರ ಆಗಸ್ಟ್ 15ಕ್ಕೆ ಒಪ್ಪಂದ, ಅಕ್ಟೋಬರ್‌ನಲ್ಲಿ ಹೊಸ ಪಕ್ಷ, ಡಿಸೆಂಬರ್‌ನಲ್ಲಿ ಅದೇ ಪಕ್ಷದ ಗೆಲುವು. ಅಲ್ಲಿನ ಭಯ ಕೂಲಿ, ಜಮೀನಿನದ್ದಷ್ಟೇ ಅಲ್ಲ, ತಮ್ಮ ಮತದ ಬೆಲೆಯೇ ಇಳಿಯುತ್ತದೆಂಬುದು. ಲೆಸ್ಬೋಸಿನ ಮೀನುಗಾರನಿಗೆ ಆ ಭಯಕ್ಕೆ ಕಾರಣವಿರಲಿಲ್ಲ.

ಕರ್ನಾಟಕದಲ್ಲಿ ಇನ್ನೊಂದೇ ಬಗೆ. 1960ರ ಹೊತ್ತಿಗೆ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಟಿಬೆಟಿನವರಿಗೆ 3,000 ಎಕರೆ ಕೊಟ್ಟಾಗ ಅದು ಬಹುಪಾಲು ಕಾಡು. ಅವರು ಕಾಡು ಕಡಿದು, ಆನೆಗಳ ಜೊತೆ ಏಗಿ, ಮುಸುಕಿನ ಜೋಳ ಬೆಳೆದರು. ಬಳಿಕ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲೂ ನೆಲೆಗಳಾದವು. ಕುಶಾಲನಗರದ ಅಂಗಡಿಗಳಿಗೆ ಗಿರಾಕಿಗಳು ಬಂದರು. ದಶಕಗಳ ಕಾಲ ಅವರಿಗೆ ಇಲ್ಲಿ ಮತವಿರಲಿಲ್ಲ, ಅವರನ್ನು ವಿರೋಧಿಸಿ ಗೆದ್ದ ಪಕ್ಷವೂ ಇಲ್ಲಿ ಹುಟ್ಟಲಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್, 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಈ ದೇಶದ ಪ್ರಜೆಗಳು ಎಂದಿತು. 2014ರಲ್ಲಿ ಚುನಾವಣಾ ಆಯೋಗ ಅವರ ಹೆಸರನ್ನು ಪಟ್ಟಿಗೆ ಸೇರಿಸಿಕೊಳ್ಳಲು ಸೂಚಿಸಿತು. ಧರ್ಮಶಾಲೆಯ ಟಿಬೆಟನ್ ಆಡಳಿತ ಇದನ್ನು ಆಯಾ ವ್ಯಕ್ತಿಯ ಇಷ್ಟಕ್ಕೆ ಬಿಟ್ಟಿತು. ಕೆಲವರು ಹೆಸರು ಸೇರಿಸಿಕೊಂಡರು. ಮತದಾರರಾದರೆ ಟಿಬೆಟಿಗೆ ಮರಳುವ ಹಕ್ಕೊತ್ತಾಯ ಸಡಿಲವಾದೀತೆಂದು ಹಿಂಜರಿದವರೂ ಇದ್ದಾರೆ.